ಹೊಲದಾಗ ಇಡೀ ದಿನ ನಿಲ್ಲೋ ಫೋನ್: 15,000ದೊಳಗ ದೊಡ್ಡ ಬ್ಯಾಟರಿದು ಆರಿಸೋದು, ಪರೀಕ್ಷೆ ಮಾಡೋದು ಹ್ಯಾಂಗ?

ತೊಗರಿ_ಕಣಜ (ಚಿಂಚೋಳಿ)

ಎಲ್ಲರಿಗೂ ನಮಸ್ಕಾರ್ರಿ. ಬೆಳೆ ಸಮೀಕ್ಷೆ ಕೆಲಸಕ್ಕ ಒಂದು ಆಂಡ್ರಾಯ್ಡ್ ಫೋನ್ ಬೇಕಾಗ್ಯದ. ಮುಂಜಾನೆ 8ಕ್ಕ ಹೊಲಕ್ಕ ಹೋದ್ರ ಸಂಜಿ 6ರ ತನಕ ಜಿಪಿಎಸ್, ಕ್ಯಾಮೆರಾ, ಡೇಟಾ ಮೂರೂ ಬೇಕು. ನಡುವ ಚಾರ್ಜಿಗಿ ಹಚ್ಚಲಿಕ್ಕ ಜಾಗ ಇರಂಗಿಲ್ಲ. 15,000 ರೂಪಾಯಿ ಒಳಗ 6000, 6500, 7000 ಎಂಎಎಚ್ ಅಂತ ಬರೆದದ್ದು ಸಾಕಷ್ಟು ಅವ. ದೊಡ್ಡ ನಂಬರ್ ನೋಡಿ ತಗೊಂಡ್ರ ಸಾಕೋ, ಬ್ಯಾರೆ ಏನರ ನೋಡಬೇಕೋ? ಎರಡು ಸಿಮ್ ಇರ್ತಾವ, ಅದ್ರಾಗ ಒಂದು ಬಿಎಸ್‌ಎನ್‌ಎಲ್.

ಕಾಗಿಣಾ (ಸೇಡಂ)

ನಂಬರ್ ಒಂದೇ ನೋಡಿದರೆ ಸಾಲದು. ಎಂಎಎಚ್ ಅನ್ನು ವ್ಯಾಟ್-ಅವರ್‌ಗೆ (ಒಂದು ವ್ಯಾಟ್‌ನಂತೆ ಒಂದು ತಾಸು ಓಡಿಸುವಷ್ಟು ಶಕ್ತಿ) ತಿರುಗಿಸಿಕೊಂಡರೆ ಲೆಕ್ಕ ಸಲೀಸು. ಈ ಬ್ಯಾಟರಿಗಳ ಸರಾಸರಿ ವೋಲ್ಟೇಜ್ ಸುಮಾರು 3.85. ಹಾಗಾಗಿ 5000 ಎಂಎಎಚ್ ಅಂದರೆ 19 ವ್ಯಾಟ್-ಅವರ್ ಚಿಲ್ಲರೆ, 6000 ಅಂದರೆ 23, 7000 ಅಂದರೆ 27.

ಈಗ ಖರ್ಚಿನ ಕಡೆ ಬನ್ನಿ. ಮನೆಯೊಳಗೆ ವಾಟ್ಸಾಪ್ ನೋಡುವಾಗ ಇಂಥ ಫೋನ್ ಒಂದು, ಒಂದೂಕಾಲು ವ್ಯಾಟ್ ತಿನ್ನುತ್ತದೆ. ಬಿಸಿಲಲ್ಲಿ ಬೆಳಕು ಪೂರ್ತಿ ಏರಿಸಿ ಜಿಪಿಎಸ್, ಕ್ಯಾಮೆರಾ, ಡೇಟಾ ಎಲ್ಲ ಓಡಿಸಿದರೆ ಅದೇ ಫೋನ್ 3ರಿಂದ 4 ವ್ಯಾಟ್ ಎಳೆಯುತ್ತದೆ. ನಿಮ್ಮ ಹತ್ತು ತಾಸಿನಲ್ಲಿ ಅರ್ಧ ಹೊತ್ತು ಪರದೆ ಹತ್ತಿರುತ್ತದೆ ಅಂದುಕೊಳ್ಳೋಣ. 5 ತಾಸಿಗೆ ಮೂರೂವರೆ ವ್ಯಾಟ್‌ನಂತೆ 17.5, ಉಳಿದ 5 ತಾಸು ಜೇಬಿನಲ್ಲಿದ್ದಾಗ ಎಲ್ಲ ಸೇರಿ ಒಂದೂವರೆ. ಒಟ್ಟು 19 ವ್ಯಾಟ್-ಅವರ್. 5000ದ ಫೋನ್ ಮೊದಲ ದಿನವೇ ಅಂಚಿನಲ್ಲಿ ನಿಲ್ಲುತ್ತದೆ. 6000ದ್ದು ಹೊಸದಿದ್ದಾಗ ಆರಾಮ.

ಆದರೆ ಎರಡು-ಮೂರು ವರ್ಷದಲ್ಲಿ ಬ್ಯಾಟರಿ ಶೇ. 80ಕ್ಕೆ ಇಳಿಯುವುದು ಸಹಜ. ಆಗ 6000ದಲ್ಲಿ ಉಳಿಯುವುದು 18.5, ನಿಮ್ಮ ದಿನಕ್ಕೆ ಸಾಲದು. 7000ದಲ್ಲಿ 21.6 ಉಳಿಯುತ್ತದೆ, ಸಾಕಾಗುತ್ತದೆ. ಹೊಸ ಫೋನ್ ಎಷ್ಟು ತಾಸು ಬರುತ್ತದೆ ಎನ್ನುವುದಕ್ಕಿಂತ ಮೂರನೇ ವರ್ಷ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ ಕೊಳ್ಳಬೇಕು. ದೊಡ್ಡ ಬ್ಯಾಟರಿಯ ನಿಜವಾದ ಲಾಭ ಅಲ್ಲಿದೆ.

ಪೆಟ್ಟಿಗೆಯ ಮೇಲೆ ‘ಟಿಪಿಕಲ್’ ಅಂತ ಬರೆದ ಸಂಖ್ಯೆ ಸರಾಸರಿಯದು. ಸಣ್ಣ ಅಕ್ಷರದಲ್ಲಿ ‘ರೇಟೆಡ್’ ಅಂತ ಇನ್ನೊಂದು ಇರುತ್ತದೆ. ಅದು ಶೇ. 2-3 ಕಡಿಮೆ, ಕಂಪನಿ ಖಾತ್ರಿ ಕೊಡುವುದು ಅದಕ್ಕೆ. ಎರಡು ಫೋನ್ ಹೋಲಿಸುವಾಗ ಎರಡರದ್ದೂ ರೇಟೆಡ್ ಸಂಖ್ಯೆಯನ್ನೇ ಹಿಡಿಯಿರಿ.

ಇನ್ನೊಂದು ಮಾತು. ವಿದೇಶಿ ವಿಮರ್ಶೆ ನೋಡಿ ನಿರ್ಧಾರ ಮಾಡಬೇಡಿ. ಒಂದೇ ಹೆಸರಿನ ಫೋನ್‌ಗೆ ದೇಶಕ್ಕೊಂದು ಬ್ಯಾಟರಿ ಇರುವುದುಂಟು. 2025ರ ಪೋಕೊ ಎಫ್7 ಭಾರತದಲ್ಲಿ 7550 ಎಂಎಎಚ್, ಹೊರದೇಶದಲ್ಲಿ 6500.

ಸುರಪುರದವ (ಯಾದಗಿರಿ)

ಕಾಗಿಣಾ ಅಣ್ಣಾರು ಹೇಳಿದ 3-4 ವ್ಯಾಟ್‌ನಾಗ ನೆಟ್‌ವರ್ಕ್ ಪಾಲು ಎಷ್ಟು ಅನ್ನೋದು ನೀವು ನಿಂತ ಜಾಗದ ಮ್ಯಾಲ ಅದ. ಚಿಂಚೋಳಿ ಕಾಡಂಚಿನ ತಾಂಡಾದಾಗ ಸಿಗ್ನಲ್ ಕಡ್ಡಿ ಒಂದೇ ಇದ್ರ ಫೋನ್ ಟವರ್‌ಗೆ ಕೇಳಿಸಲಿ ಅಂತ ಜೋರಾಗಿ ಕೂಗಬೇಕಾಗ್ತದ. 4ಜಿ ಫೋನಿನ ರೇಡಿಯೋ ಹೊರಗ ಬಿಡೋ ಗರಿಷ್ಠ ಶಕ್ತಿ 23 ಡಿಬಿಎಂ, ಅಂದ್ರ 200 ಮಿಲಿವ್ಯಾಟ್. ಅಷ್ಟು ಹೊರಗ ಬಿಡಲಿಕ್ಕ ಒಳಗ ಬ್ಯಾಟರಿಯಿಂದ ಅದರ ಹಲವು ಪಟ್ಟು ಹೋಗ್ತದ, ಉಳಿದದ್ದೆಲ್ಲ ಶಾಖ. ಫೋನ್ ಸುಮ್ಮನ ಜೇಬಿನಾಗ ಬಿಸಿ ಆಗ್ಲಿಕತ್ತದ ಅಂದ್ರ ಮೊದಲು ಇದನ್ನ ನೋಡ್ರಿ.

ನೋಡೋದು ಸರಳ ಅದ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್, ಅಲ್ಲಿ ಸಿಗ್ನಲ್ ಸ್ಟ್ರೆಂತ್. 4ಜಿಯಾಗ ಮೈನಸ್ 85 ಡಿಬಿಎಂ ಆಸುಪಾಸು ಇದ್ರ ಚಲೋ. ಮೈನಸ್ 100ಕ್ಕ ಸಾಧಾರಣ. ಮೈನಸ್ 110 ದಾಟಿದ್ರ ಬ್ಯಾಟರಿ ಸೋರ್ತದ. ಪ್ರತಿ 10 ಡಿಬಿ ಇಳಿದ್ರ ಫೋನಿಗೆ ಸಿಗೋ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಬರ್ತದ. ಅದಕ್ಕ 100ಕ್ಕೂ 110ಕ್ಕೂ ಭಾಳ ಫರಕ್ ಅದ.

ಕೊಳ್ಳೋಕಿಂತ ಮೊದಲು ಬ್ಯಾಂಡ್ ಪಟ್ಟಿ (ಫೋನ್ ಯಾವ್ಯಾವ ರೇಡಿಯೋ ತರಂಗ ಹಿಡೀತದ ಅನ್ನೋದು) ತೆಗೆದು ನೋಡ್ರಿ. ಬಿಎಸ್‌ಎನ್‌ಎಲ್ 4ಜಿಗೆ ಬ್ಯಾಂಡ್ 28 (700 ಮೆಗಾಹರ್ಟ್ಸ್) ಮತ್ತ ಬ್ಯಾಂಡ್ 1 (2100) ಬೇಕು. ಜಿಯೋಗೆ 4ಜಿಯಾಗ 3, 5, 40. 5ಜಿಯಾಗ ಎನ್28, ಎನ್78. ಏರ್‌ಟೆಲ್‌ಗೆ 8 ಇರಲೇಬೇಕು. 700 (ಬ್ಯಾಂಡ್ 28), 850 (ಬ್ಯಾಂಡ್ 5), 900 (ಬ್ಯಾಂಡ್ 8) ಮೆಗಾಹರ್ಟ್ಸ್‌ನ ಸಿಗ್ನಲ್ ದೂರ ಹೋಗ್ತದ, ಗ್ವಾಡಿ ಒಳಗೂ ಬರ್ತದ. ಅಗ್ಗದ ಫೋನಿನಾಗ ಬ್ಯಾಂಡ್ 28 ಬಿಟ್ಟಿದ್ರ ಬಿಎಸ್‌ಎನ್‌ಎಲ್ ಸಿಮ್ ಹಾಕಿ ಪ್ರಯೋಜನ ಅರ್ಧಕ್ಕರ್ಧ.

ಎರಡನೇ ಸಿಮ್‌ಗೆ ಸಿಗ್ನಲ್ ಇಲ್ಲದ ಕಡೆ ಅದು ಇಡೀ ದಿನ ಟವರ್ ಹುಡುಕ್ತನೇ ಇರ್ತದ. ಆ ಊರಿಗೆ ಹೋದಾಗ ಆ ಸಿಮ್ ಸೆಟ್ಟಿಂಗ್ಸ್‌ನಾಗ ಆಫ್ ಮಾಡ್ರಿ. 5ಜಿ ಬಂದು-ಹೋಗಿ ಮಾಡೋ ಜಾಗದಾಗ ‘ಪ್ರಿಫರ್ಡ್ ನೆಟ್‌ವರ್ಕ್’ ಅನ್ನ 4ಜಿಗೆ ಇಡ್ರಿ. ಏರ್‌ಟೆಲ್ 5ಜಿ ಬಹುಪಾಲು 4ಜಿ ಹೆಗಲ ಮ್ಯಾಲ ಕುಂತು ನಡೀತದ. ಹಿಂಗಾಗಿ ಎರಡೂ ರೇಡಿಯೋ ಒಟ್ಟಿಗೆ ಎಚ್ಚರ ಇರಬೇಕಾಗ್ತದ.

ಔರಾದ್_ಗಡಿ

ಗಡಿ ಹಳ್ಳಿಗಳಿಗೆ ಒಂದು ಮಾತು ಸೇರಿಸ್ತೀನಿ. ಔರಾದ ಕಡೆ ಒಮ್ಮೆ ಮಹಾರಾಷ್ಟ್ರದ ಟವರ್, ಒಮ್ಮೆ ತೆಲಂಗಾಣದ್ದು ಹಿಡೀತದ. ಈ ಹೊಯ್ದಾಟಕ್ಕೂ ಬ್ಯಾಟರಿ ಹೋಗ್ತದ. ಕೆಲವರು ‘ಮ್ಯಾನ್ಯುಅಲ್ ನೆಟ್‌ವರ್ಕ್’ ಆರಿಸಿ ಬಿಡ್ತಾರ. ಊರು ದಾಟಿದ ಮ್ಯಾಲ ‘ನೋ ಸರ್ವೀಸ್’ ಬಂದು ಕೆಲಸ ನಿಲ್ತದ. ಅದು ಬ್ಯಾಡ, 4ಜಿಗೆ ಇಟ್ಟು ಆಟೋಮ್ಯಾಟಿಕ್ ಬಿಡ್ರಿ.

ತೊಗರಿ_ಕಣಜ

ಭಾಳ ಉಪಕಾರ್ರಿ. ಡೇಟಾ ಬಂದ್ ಇಟ್ರ ಜಿಪಿಎಸ್ ನಡೀತದೇನು? ಹೊಲದಾಗ ಫ್ಲೈಟ್ ಮೋಡ್ ಹಾಕಬಹುದಾ?

ಸುರಪುರದವ

ನಡೀತದ್ರಿ. ಜಿಪಿಎಸ್ ಉಪಗ್ರಹದಿಂದ ಕೇಳೋದು ಅಷ್ಟೇ, ಟವರ್ ಬೇಕಾಗಿಲ್ಲ. ಆದ್ರ ಡೇಟಾ ಇದ್ದಾಗ ಉಪಗ್ರಹದ ಪಥದ ಮಾಹಿತಿ ಇಂಟರ್ನೆಟ್‌ನಿಂದ ಸೆಕೆಂಡಿನಾಗ ಬರ್ತದ. ಡೇಟಾ ಇಲ್ಲದಿದ್ರ ಉಪಗ್ರಹದಿಂದಲೇ ಕೇಳಿ ತಗೋಬೇಕು, ಒಂದೊಂದರ ಮಾಹಿತಿ ಪೂರಾ ಬರಲಿಕ್ಕ 30 ಸೆಕೆಂಡು, ಮರದ ಕೆಳಗ ಇನ್ನೂ ತಡ. ಅದಕ್ಕ ಸಿಗ್ನಲ್ ಇರೋ ಕಡೆ ಒಂದೆರಡು ನಿಮಿಷ ಮ್ಯಾಪ್ ತೆರೆದು ನೀಲಿ ಚುಕ್ಕಿ ಸರಿಯಾಗಿ ಕುಂತ ಮ್ಯಾಲ ಫ್ಲೈಟ್ ಮೋಡ್ ಹಾಕ್ರಿ. ಲೊಕೇಶನ್ ಆನ್ ಅದನೋ ನೋಡ್ಕೋರಿ. ದಾಖಲೆ ಆಫ್‌ಲೈನ್ ಉಳಿಸಿ ಆಮ್ಯಾಲ ಅಪ್‌ಲೋಡ್ ಮಾಡೋ ಸೌಲಭ್ಯ ನಿಮ್ಮ ಆ್ಯಪ್‌ನಾಗ ಇದ್ರ ಮಾತ್ರ ಇದು ಉಪಯೋಗಕ್ಕ ಬರ್ತದ.

ಮತ್ತೊಂದು. ‘ಬ್ಯಾಟರಿ ಸೇವರ್’ ಹಾಕಿ ಸಮೀಕ್ಷೆ ಮಾಡಬ್ಯಾಡ್ರಿ. ಪರದೆ ಆರಿದ ಕೂಡಲೇ ಭಾಳ ಫೋನಿನಾಗ ಅದು ಲೊಕೇಶನ್ ನಿಲ್ಲಿಸ್ತದ, ಸರ್ವೆ ನಂಬರ್ ಗಡಿಯಿಂದ ಹೊರಗಿದ್ದೀರಿ ಅಂತ ಆ್ಯಪ್ ತಕರಾರು ತೆಗೀತದ. ಆ್ಯಪ್ ಐಕಾನ್ ಒತ್ತಿ ಹಿಡಿದು ಆ್ಯಪ್ ಇನ್ಫೋ, ಬ್ಯಾಟರಿ, ‘ಅನ್‌ರಿಸ್ಟ್ರಿಕ್ಟೆಡ್’ ಮಾಡ್ರಿ.

ಬಿದ್ರಿ_ಕುಸುರಿ (ಬೀದರ್)

ನೆಟ್‌ವರ್ಕ್ ಬಗ್ಗೆ ಎಲ್ಲ ಬಂತು. ನಮ್ಮ ಮೂರು ಜಿಲ್ಲೆಗೆ ಅದಕ್ಕಿಂತ ದೊಡ್ಡ ವಿಷಯ ಶಾಖ. ಏಪ್ರಿಲ್, ಮೇನಲ್ಲಿ ಕಲಬುರಗಿ, ಯಾದಗಿರಿ 42-43 ಡಿಗ್ರಿ ಮುಟ್ಟುತ್ತವೆ. ಫೋನ್‌ಗಳ ಕೈಪಿಡಿಯಲ್ಲಿ ಬಳಕೆಯ ಮಿತಿ ಸಾಮಾನ್ಯವಾಗಿ 35 ಅಥವಾ 40 ಡಿಗ್ರಿ ತನಕ ಅಂತ ಇರುತ್ತದೆ. ಅಂದರೆ ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಲ್ಲಿಟ್ಟರೂ ಮಿತಿ ಮೀರಿರುತ್ತದೆ.

ಬ್ಯಾಟರಿ 40 ಡಿಗ್ರಿ ಸಮೀಪಿಸಿದಂತೆ ಫೋನ್ ತಾನೇ ಚಾರ್ಜಿಂಗ್ ವೇಗ ಇಳಿಸುತ್ತದೆ. 45ರ ಸುಮಾರಿಗೆ ನಿಲ್ಲಿಸಿಯೇ ಬಿಡುತ್ತದೆ. ಪೆಟ್ಟಿಗೆಯ ಮೇಲೆ 44 ವ್ಯಾಟ್ ಅಂತ ಬರೆದಿದ್ದರೂ ತಗಡಿನ ಮನೆಯಲ್ಲಿ ಮಧ್ಯಾಹ್ನ 10 ವ್ಯಾಟ್ ಕೂಡ ಹೋಗದಿರಬಹುದು. ಅದು ಫೋನ್ ಕೆಟ್ಟ ಲಕ್ಷಣ ಅಲ್ಲ, ಬ್ಯಾಟರಿಯ ರಕ್ಷಣೆ. ಹಾಗಾಗಿ ಬೇಸಿಗೆಯಲ್ಲಿ ನಸುಕಿನಲ್ಲಿ ಚಾರ್ಜಿಗೆ ಹಾಕಿ. ಹಿಂದಿನ ರಬ್ಬರ್ ಕವರ್ ತೆಗೆದು, ನೆರಳಿನಲ್ಲಿರುವ ಶಹಾಬಾದ್ ಫರಸಿ ನೆಲದ ಮೇಲೆ ಮಲಗಿಸಿ. ಹಾಸಿಗೆ, ದಿಂಬಿನ ಮೇಲೆ ಬೇಡ. ಕಲ್ಲು ಬಿಸಿಯನ್ನು ಎಳೆದುಕೊಳ್ಳುತ್ತದೆ, ಫೋನಿನ ಬೆನ್ನು ತಣ್ಣಗಿದ್ದಷ್ಟೂ ಚಾರ್ಜ್ ವೇಗವಾಗಿ ಏರುತ್ತದೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಹೊರಗೆ ತೆಗೆದಾಗ ಒಳಗೆ ನೀರು ಬೆವರುತ್ತದೆ.

ಬ್ಯಾಟರಿ ಬೇಗ ಮುಪ್ಪಾಗುವುದು ಎರಡು ಸೇರಿದಾಗ: ಪೂರ್ತಿ ತುಂಬಿರಬೇಕು, ಬಿಸಿಯೂ ಇರಬೇಕು. ಹೊಲಕ್ಕೆ ಹೋಗದ ದಿನ ‘ಬ್ಯಾಟರಿ ಪ್ರೊಟೆಕ್ಷನ್’ ಹಾಕಿ ಶೇ. 80ಕ್ಕೆ ನಿಲ್ಲಿಸಿ. ಹೋಗುವ ದಿನ ಮಾತ್ರ 100. ಈ ಸೌಲಭ್ಯ ಇದೆಯೋ ಇಲ್ಲವೋ ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ. ನನ್ನ ಮಟ್ಟಿಗೆ 144 ಹರ್ಟ್ಸ್ ಪರದೆಗಿಂತ ಇದು ದೊಡ್ಡ ಗುಣ.

ಇನ್ನು ಪರದೆ. ಬಿಸಿಲಿನಲ್ಲಿ ಕಾಣಲು ಬೆಳಕು ಹೆಚ್ಚು ಬೇಕು, ಆದರೆ ಬಿಸಿಯಾದ ಫೋನ್ ಅದನ್ನೇ ಮೊದಲು ಇಳಿಸುತ್ತದೆ. ಹೊಸ ಫೋನ್ ಅಂಗಡಿಯ ಹೊರಗೆ ತಂದು ಹತ್ತು ನಿಮಿಷ ಕ್ಯಾಮೆರಾ ಓಡಿಸಿ. ಆಗಲೂ ಅಕ್ಷರ ಓದಲು ಬಂದರೆ ನಿಮಗೆ ಆಗುತ್ತದೆ.

ಬಿಸಿಲನಾಡು_77

ಇಷ್ಟೆಲ್ಲ ಯಾಕ್ರಿ? ಹಗುರಾದ 5000ದ ಫೋನ್ ತಗೊಂಡು ಜೊತಿಗೆ ಒಂದು 10,000 ಎಂಎಎಚ್ ಪವರ್ ಬ್ಯಾಂಕ್ ಇಟ್ಕೊಂಡ್ರ ಎರಡು ಸಲ ಫುಲ್ ಆಗ್ತದಲ್ಲ.

ಕಾಗಿಣಾ

ಎರಡು ಸಲ ಆಗುವುದಿಲ್ಲ. ಪವರ್ ಬ್ಯಾಂಕ್‌ನ 10,000 ಅದರ ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, 37 ವ್ಯಾಟ್-ಅವರ್. ಅದನ್ನು 5 ವೋಲ್ಟ್‌ಗೆ ಏರಿಸುವಾಗ ನಷ್ಟ ಇದೆ. ಹಿಂಬದಿ ‘ರೇಟೆಡ್ ಕೆಪಾಸಿಟಿ’ ಅಂತ 5500ರಿಂದ 6500 ಎಂಎಎಚ್ ಬರೆದಿರುತ್ತದೆ, ಅದೇ ನಿಜವಾಗಿ ಹೊರಬರುವುದು. 6000 ಅಂತ ಹಿಡಿದರೆ 30 ವ್ಯಾಟ್-ಅವರ್. ಫೋನ್ ತುಂಬುವಾಗ ಇನ್ನೊಂದಿಷ್ಟು ಶಾಖವಾಗಿ ಹೋಗಿ 26ರ ಸುಮಾರು ಉಳಿಯುತ್ತದೆ. 5000ದ ಫೋನಿಗೆ ಒಂದು ಪೂರ್ತಿ, ಮೇಲೆ ಮೂರನೇ ಒಂದು ಪಾಲು.

ಜೊತೆಗೆ ಬಿಸಿಲಲ್ಲಿ ಬಳಸುತ್ತಾ ಚಾರ್ಜ್ ಮಾಡಿದರೆ ಬಿದ್ರಿ ಅವರು ಹೇಳಿದ ಶಾಖದ ತೊಂದರೆ ಅಲ್ಲಿಯೇ ಎದುರಾಗುತ್ತದೆ. ಕರೆಂಟ್ ಎರಡು ದಿನ ಹೋಗುವ ಊರಿಗೆ ಪವರ್ ಬ್ಯಾಂಕ್ ಬೇಕೇ ಬೇಕು, ಒಪ್ಪುತ್ತೇನೆ. ಹೊಲದಲ್ಲಿ ದೊಡ್ಡ ಬ್ಯಾಟರಿಯ ಬದಲಿಗೆ ಅದನ್ನು ನೆಚ್ಚಿಕೊಳ್ಳಲು ಆಗದು.

ಕರೆಂಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕರೆಂಟ್ ಕಡಿಮೆ ಹೊತ್ತು ಇರುವ ಊರಿನಲ್ಲಿ ಚಾರ್ಜಿಂಗ್ ವೇಗಕ್ಕೂ ಬೆಲೆ ಇದೆ. 7000ದ ಬ್ಯಾಟರಿಗೆ 10 ವ್ಯಾಟ್ ಚಾರ್ಜರ್ ಹಚ್ಚಿದರೆ ಮೂರೂವರೆ, ನಾಲ್ಕು ತಾಸು. 18ಕ್ಕೆ ಎರಡೂವರೆಯ ಆಸುಪಾಸು. 33ಕ್ಕೆ ಒಂದೂವರೆ. ಕೊನೆಯ ಶೇ. 20 ಯಾವಾಗಲೂ ನಿಧಾನ, ಅದನ್ನು ವೇಗ ಮಾಡುವ ಚಾರ್ಜರ್ ಇಲ್ಲ.

ವೋಲ್ಟೇಜ್ ಕಮ್ಮಿ ಇದ್ದರೆ ಚಾರ್ಜರ್ ಹಾಳಾಗುತ್ತದೆ ಅಂತ ಹೆದರಬೇಡಿ. 100-240 ವೋಲ್ಟ್ ಅಂತ ಬರೆದ ಚಾರ್ಜರ್ 150ರಲ್ಲೂ ಕೆಲಸ ಮಾಡುತ್ತದೆ. ಅಪಾಯ ಇರುವುದು ಕಂಬದ ನ್ಯೂಟ್ರಲ್ ತಂತಿ ಕಡಿದಾಗ. ಆಗ ಮನೆಯ ಸಾಲಿಗೆ 400ರ ಹತ್ತಿರ ವೋಲ್ಟೇಜ್ ಬರಬಹುದು. ಬಲ್ಬು ವಿಪರೀತ ಬೆಳಗಿ, ಫ್ಯಾನ್ ಜೋರಾಗಿ ತಿರುಗಿದರೆ ತಕ್ಷಣ ಚಾರ್ಜರ್ ಕಿತ್ತು ಮೇನ್ ಇಳಿಸಿ.

ಸಿಸಿ_ಬೋರ್ಡ್ (ಕಲಬುರಗಿ)

ರಿಪೇರಿ ಟೇಬಲ್ ಕಡೆಯಿಂದ ನಾಲ್ಕು ಮಾತು.

ನಮ್ಮ ಕಡೆ ಫೋನ್ ‘ಚಾರ್ಜ್ ಆಗಲ್ಲ’ ಅಂತ ಬಂದರೆ ಮೊದಲು ನೋಡಬೇಕಾದದ್ದು ಪೋರ್ಟ್. ಸಿಮೆಂಟ್ ಧೂಳು, ಕಲ್ಲಿನ ಪುಡಿ, ತೊಗರಿ ಹೊಟ್ಟು ಟೈಪ್-ಸಿ ಒಳಗೆ ಹೋಗಿ ಕೇಬಲ್ ಒತ್ತಿದಂತೆ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಅರ್ಧ ಮಿಲಿಮೀಟರ್ ಹೊರಗೆ ನಿಂತರೂ ಫಾಸ್ಟ್ ಚಾರ್ಜಿಂಗ್ ಬರುವುದಿಲ್ಲ. ಫೋನ್ ಆಫ್ ಮಾಡಿ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಗೋಡೆ ಬದಿಗೆ ಮೆಲ್ಲಗೆ ಕೆರೆಯಿರಿ. ನಡುವಿನ ನಾಲಿಗೆ ಮುಟ್ಟಬೇಡಿ, ಪಿನ್ನು-ಸೂಜಿ ಹಾಕಬೇಡಿ. ಸ್ವಚ್ಛ ಮಾಡಿದರೂ ಕೇಬಲ್ ಅಲುಗಿಸಿದಾಗ ಚಾರ್ಜ್ ಬಂದು ಹೋಗುತ್ತಿದ್ದರೆ ಸಿಸಿ ಬೋರ್ಡ್ (ಚಾರ್ಜಿಂಗ್ ಪೋರ್ಟ್ ಕೂತಿರುವ ಬೋರ್ಡ್) ಬದಲಿಸಬೇಕು. ಅಗ್ಗದ ಫೋನ್‌ಗಳಲ್ಲಿ ಅದು ಬೇರೆ ಸಣ್ಣ ಬೋರ್ಡ್ ಆಗಿರುವುದೇ ಅನುಕೂಲ, ಮದರ್‌ಬೋರ್ಡ್ ಮುಟ್ಟುವ ಪ್ರಸಂಗ ಇಲ್ಲ. ಕೊಳ್ಳುವಾಗ ಧೂಳು-ನೀರಿನ ರಕ್ಷಣೆಯ ದರ್ಜೆ ಐಪಿ64 ಅಥವಾ ಮೇಲಿನದು ಇದ್ದರೆ ಧೂಳು ಒಳಭಾಗಕ್ಕೆ ಹೋಗುವುದಿಲ್ಲ. ಪೋರ್ಟ್‌ನ ಬಾಯಿಯಂತೂ ತೆರೆದೇ ಇರುತ್ತದೆ.

ಬ್ಯಾಟರಿ ಉಬ್ಬಿದರೆ ಹಿಂದಿನ ಮುಚ್ಚಳದ ಅಂಚು ಏಳುತ್ತದೆ, ಇಲ್ಲವೇ ಪರದೆಯ ಒಂದು ಬದಿಯಿಂದ ಬೆಳಕು ಸೋರುತ್ತದೆ. ಅಂಥದ್ದನ್ನು ಒತ್ತಿ ಕೂರಿಸಬೇಡಿ, ಚಾರ್ಜ್ ಮಾಡಬೇಡಿ.

ಬದಲಿ ಬ್ಯಾಟರಿ ಕೊಳ್ಳುವಾಗ ಮೇಲಿನ ಸಂಖ್ಯೆ ನಂಬದೆ ತೂಕ ನೋಡಿ. ಈಗಿನ ಲಿಥಿಯಂ ಸೆಲ್ ಒಂದು ಕಿಲೋಗೆ 250-270 ವ್ಯಾಟ್-ಅವರ್ ಹಿಡಿಯುತ್ತದೆ. 6000 ಎಂಎಎಚ್ ಅಂದರೆ 23 ವ್ಯಾಟ್-ಅವರ್, ಅದರ ತೂಕ 85-95 ಗ್ರಾಂ ಇರಬೇಕು. ಗ್ರಾಂ ತೂಗುವ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟಾಗ 60 ಗ್ರಾಂ ತೋರಿಸಿದರೆ ಒಳಗೆ 6000 ಇರಲು ಸಾಧ್ಯವೇ ಇಲ್ಲ, ಸ್ಟಿಕರ್ ಏನೇ ಹೇಳಲಿ. ಲೇಬಲ್ ಮೇಲೆ ಐಎಸ್ 16046 ಮತ್ತು ಆರ್- ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಚಾರ್ಜರ್‌ಗೂ ಆರ್- ಸಂಖ್ಯೆಯ ಇದೇ ಪರೀಕ್ಷೆ ಮಾಡಿ.

7000ದ ಹೊಸ ಫೋನ್‌ಗಳಲ್ಲಿ ಹೆಚ್ಚಿನವು ಸಿಲಿಕಾನ್-ಕಾರ್ಬನ್ ಬ್ಯಾಟರಿಯವು. ಗ್ರಾಫೈಟ್‌ಗೆ ಸ್ವಲ್ಪ ಸಿಲಿಕಾನ್ ಬೆರೆಸಿದ್ದರಿಂದ ಅದೇ ಗಾತ್ರದಲ್ಲಿ ಹೆಚ್ಚು ಹಿಡಿಯುತ್ತದೆ. ಸಿಲಿಕಾನ್ ಚಾರ್ಜ್ ಆಗುವಾಗ ಹಿಗ್ಗುವ ಗುಣದ್ದು. ಆದ್ದರಿಂದ ಇವಕ್ಕೆ ಡೂಪ್ಲಿಕೇಟ್ ಬ್ಯಾಟರಿ ಹಾಕಿಸಲೇಬೇಡಿ. ಚಾರ್ಜಿಂಗ್ ವೋಲ್ಟೇಜ್ ಮಿತಿಯೇ ಬೇರೆ, ಹಳೆ ಮಾದರಿ ಸೆಲ್ ಹಾಕಿದರೆ ಅತಿಯಾಗಿ ತುಂಬುತ್ತದೆ. ಕೊಳ್ಳುವ ಮೊದಲೇ ಕಲಬುರಗಿಯಲ್ಲಿ ಆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಇದೆಯೇ, ಬ್ಯಾಟರಿ ಬೆಲೆ ಎಷ್ಟು ಎಂದು ಕೇಳಿಟ್ಟುಕೊಳ್ಳಿ. ವಾರಂಟಿ ಕಾರ್ಡ್ ಓದಿ, ಬ್ಯಾಟರಿ-ಚಾರ್ಜರ್ ಅವಧಿ ಫೋನ್‌ಗಿಂತ ಕಡಿಮೆ ಇರಬಹುದು.

ತೊಗರಿ_ಕಣಜ

ಸರ, ಪೋಕೊ ಎಂ7 ಪ್ಲಸ್ 5ಜಿ ಮತ್ತ ವಿವೋ ಟಿ4ಎಕ್ಸ್ ಎರಡು ನೋಡೀನಿ. ಒಂದು 7000, ಇನ್ನೊಂದು 6500. ತಗೊಂಡ ಮ್ಯಾಲ ಪರೀಕ್ಷೆ ಹ್ಯಾಂಗ ಮಾಡಬೇಕು, ಅದನ್ನೂ ಹೇಳ್ರಿ.

ಕಾಗಿಣಾ

ಒಂದು 27, ಇನ್ನೊಂದು 25 ವ್ಯಾಟ್-ಅವರ್. ಪೋಕೊ ಶೇ. 8 ಮುಂದೆ. ಆದರೆ ಅದರ ಸ್ನಾಪ್‌ಡ್ರ್ಯಾಗನ್ 6ಎಸ್ ಜೆನ್ 3 ಚಿಪ್ 6 ನ್ಯಾನೋಮೀಟರ್‌ನದು, ವಿವೋದ ಡೈಮೆನ್ಸಿಟಿ 7300 4 ನ್ಯಾನೋಮೀಟರ್‌ನದು. ಅದೇ ಕೆಲಸಕ್ಕೆ ಎರಡನೆಯದು ಕಡಿಮೆ ಎಳೆಯುತ್ತದೆ, ಕಡಿಮೆ ಬಿಸಿಯಾಗುತ್ತದೆ. ಪರದೆ ಎರಡೂ ಎಲ್‌ಸಿಡಿ, ಪೋಕೊದ್ದು 6.9 ಇಂಚು, ವಿವೋದ್ದು 6.72. ವಿಸ್ತೀರ್ಣದಲ್ಲಿ ಶೇ. 5ರಷ್ಟು ದೊಡ್ಡದು, ಹಿಂದಿನ ದೀಪಕ್ಕೆ ಅಷ್ಟು ಹೆಚ್ಚು ಖರ್ಚು. ಹೊಲದ ಬಳಕೆಯಲ್ಲಿ ಪೋಕೊದ ಮುನ್ನಡೆ ಬಹುಪಾಲು ಅಲ್ಲಿಗೇ ಕರಗುತ್ತದೆ. ಚಾರ್ಜಿಂಗ್ 33ಕ್ಕೆ ಎದುರು 44 ವ್ಯಾಟ್. ಈ ಎರಡರಲ್ಲಿ ಬಿಸಿಲಿನ ಕೆಲಸಕ್ಕೆ ನನ್ನ ಒಲವು ವಿವೋ ಕಡೆ. ಮನೆಯಲ್ಲಿ ವಿಡಿಯೋ ನೋಡುವವರಿಗೆ ಪೋಕೊ ಹಿಡಿಸುತ್ತದೆ. ಯಾವುದಾದರೂ ಬ್ಯಾಂಡ್ ಪಟ್ಟಿ ನೋಡಿಯೇ ಮುಂದುವರಿಯಿರಿ.

ಪರೀಕ್ಷೆಯನ್ನು ಮೊದಲ ಎರಡು ದಿನ ಮಾಡಬೇಡಿ. ಅಪ್‌ಡೇಟ್, ಫೋಟೋ ಸಿಂಕ್ ಒಳಗೊಳಗೇ ನಡೆಯುತ್ತಿರುತ್ತದೆ, ಖರ್ಚು ಸುಳ್ಳೇ ಹೆಚ್ಚು ತೋರುತ್ತದೆ. ಆನ್‌ಲೈನ್‌ನಲ್ಲಿ ಬದಲಿಸುವ ಅವಧಿ ಸಾಮಾನ್ಯವಾಗಿ 7 ದಿನ, ಅದರೊಳಗೆ ಮುಗಿಸಿ.

ರಾತ್ರಿ ಮಲಗುವಾಗ ಶೇಕಡಾ ಬರೆದಿಟ್ಟು ಬೆಳಿಗ್ಗೆ ನೋಡಿ. ಒಳ್ಳೆ ಸಿಗ್ನಲ್‌ನಲ್ಲಿ 8 ತಾಸಿಗೆ 2ರಿಂದ 4 ಇಳಿದರೆ ಸರಿ. 8 ದಾಟಿದರೆ ಯಾವುದೋ ಆ್ಯಪ್ ಎಚ್ಚರ ಇದೆ, ಇಲ್ಲವೇ ಸಿಮ್ ಟವರ್ ಹುಡುಕುತ್ತಿದೆ. ಮರುದಿನ ರಾತ್ರಿ ಫ್ಲೈಟ್ ಮೋಡ್‌ನಲ್ಲಿ ಇಟ್ಟು ನೋಡಿದರೆ ಯಾವುದೆಂದು ತಿಳಿಯುತ್ತದೆ.

ಆಮೇಲೆ ಹೊಲದ ಪರೀಕ್ಷೆ. ಮಧ್ಯಾಹ್ನ 12ರಿಂದ 1, ಬೆಳಕು ಪೂರ್ತಿ, ಪರದೆ ಆರದಂತೆ ಇಟ್ಟು ನಿಮ್ಮ ಸಮೀಕ್ಷೆ ಆ್ಯಪ್, ಜಿಪಿಎಸ್, ಐದು ನಿಮಿಷಕ್ಕೊಂದು ಫೋಟೋ. 6500ದ ಫೋನಿನಲ್ಲಿ ಶೇ. 14ರ ಸುಮಾರು ಇಳಿಯಬೇಕು. 20 ದಾಟಿದರೆ ಹತ್ತು ತಾಸಿನ ಕೆಲಸಕ್ಕೆ ನೆಚ್ಚಬೇಡಿ.

ಬ್ಯಾಟರಿಯಲ್ಲಿ ಹೇಳಿದಷ್ಟು ಇದೆಯೇ ಎನ್ನುವುದಕ್ಕೆ ಯುಎಸ್‌ಬಿ ಟೆಸ್ಟರ್ ಒಳ್ಳೆಯದು. ಚಾರ್ಜರ್ ಮತ್ತು ಕೇಬಲ್ ನಡುವೆ ಹಾಕುವ ಸಣ್ಣ ಮೀಟರ್ ಅದು. ಫೋನ್ ತಾನೇ ಆರುವ ತನಕ ಖಾಲಿ ಮಾಡಿ, ಪರದೆ ಆರಿಸಿ 100 ತನಕ ತುಂಬಿ. ಮೀಟರ್‌ನಲ್ಲಿ ವ್ಯಾಟ್-ಅವರ್ ಓದಿ. ಹಾದಿಯಲ್ಲಿ ಶೇ. 10-15 ಶಾಖವಾಗಿ ಹೋಗುವುದರಿಂದ 25ರ ಬ್ಯಾಟರಿಗೆ 28-29 ಹೋಗಬೇಕು. 23-24ಕ್ಕೇ ಪೂರ್ತಿ ಆಯಿತೆಂದರೆ ಬ್ಯಾಟರಿ ಹೇಳಿದಷ್ಟಿಲ್ಲ. ಆ್ಯಕ್ಯುಬ್ಯಾಟರಿ ಆ್ಯಪ್ ಕೂಡ ಅಂದಾಜು ಕೊಡುತ್ತದೆ, ಆದರೆ ಶೇ. 15ರಿಂದ 90ರ ತನಕ ಹಲವು ಸಲ ತುಂಬಿಸಿದ ಮೇಲಷ್ಟೇ ನಂಬಬಹುದು.

ಸಿಸಿ_ಬೋರ್ಡ್

ಟೆಸ್ಟರ್ ಬಗ್ಗೆ ಒಂದು ಎಚ್ಚರಿಕೆ. ಕಂಪನಿಯ ಸ್ವಂತ ಫಾಸ್ಟ್ ಚಾರ್ಜಿಂಗ್ ಇರುವ ಫೋನಿಗೆ ನಡುವೆ ಮೀಟರ್ ಹಾಕಿದರೆ ಕೆಲವೊಮ್ಮೆ ವೇಗ ಇಳಿಯುತ್ತದೆ. ಒಟ್ಟು ವ್ಯಾಟ್-ಅವರ್ ಲೆಕ್ಕಕ್ಕೆ ತೊಂದರೆ ಇಲ್ಲ, ವೇಗ ಅಳೆಯಲು ಮಾತ್ರ ಆಗದು. ವೇಗಕ್ಕೆ ಪೆಟ್ಟಿಗೆಯಲ್ಲಿ ಬಂದ ಚಾರ್ಜರ್, ಬಂದ ಕೇಬಲ್ ಎರಡನ್ನೂ ನೇರ ಹಚ್ಚಿ ಗಡಿಯಾರ ನೋಡಿ. ಬೇರೆ ಕೇಬಲ್ ಹಾಕಿದರೆ 44ರ ಫೋನ್ ಅರ್ಧಕ್ಕಿಂತ ಕೆಳಗೆ ಬರಬಹುದು. ಪೆಟ್ಟಿಗೆಯಲ್ಲಿ ಚಾರ್ಜರ್ ಇಲ್ಲದ ಮಾದರಿಯಾದರೆ ಅದರ ಬೆಲೆಯನ್ನೂ 15,000ದೊಳಗೆ ಸೇರಿಸಿಕೊಳ್ಳಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕೊಂಡರೆ ಸೀಲ್ ನಿಮ್ಮೆದುರೇ ಒಡೆಸಿ. *#06# ಒತ್ತಿ ಬಂದ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಪೆಟ್ಟಿಗೆ, ಬಿಲ್ಲು ಎರಡರ ಮೇಲೂ ಒಂದೇ ಇರಬೇಕು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು 15 ಅಂಕಿಯ ಐಎಂಇಐ, ಇಷ್ಟು ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಸಂಖ್ಯೆ ಯಾವ ಮಾದರಿಯದು, ಬ್ಲಾಕ್ ಆಗಿದೆಯೇ ಎಂದು ಉತ್ತರ ಬರುತ್ತದೆ.

ತೊಗರಿ_ಕಣಜ

ಬೈಕ್ ಹ್ಯಾಂಡಲ್‌ಗೆ ಹೋಲ್ಡರ್ ಹಾಕಿ ಮ್ಯಾಪ್ ನೋಡ್ತಾ ಹೋದ್ರ ನಡೀತದೇನ್ರಿ?

ಬಿದ್ರಿ_ಕುಸುರಿ

ಮಳೆಗಾಲ, ಚಳಿಗಾಲದಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಹೋಲ್ಡರ್ ಬೇಡವೇ ಬೇಡ, ಅದರೊಳಗೆ ಗಾಳಿ ಆಡುವುದಿಲ್ಲ. ನಾಲ್ಕು ಮೂಲೆ ಹಿಡಿಯುವ ತೆರೆದ ಹೋಲ್ಡರ್ ಹಾಕಿ, ಓಡುವಾಗಿನ ಗಾಳಿಯೇ ಬೆನ್ನನ್ನು ತಣ್ಣಗಿಡುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗಾಡಿಯ ನಡುಕಕ್ಕೆ ಕ್ಯಾಮೆರಾದ ಲೆನ್ಸ್ ಅಲುಗಾಡಿಸಿ ಚಿತ್ರ ಸ್ಥಿರ ಮಾಡುವ ಯಂತ್ರ ಹಾಳಾಗಬಹುದು, ಆದರೆ ಅಂಥ ಸ್ಟೆಬಿಲೈಸೇಶನ್ ಈ ಬೆಲೆಯ ಫೋನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಹೋಲ್ಡರ್‌ಗೆ ರಬ್ಬರ್ ಬುಷ್ ಇದ್ದದ್ದನ್ನೇ ಆರಿಸಿ.